ಸಾವಯವ ಕೊಳ್ಳಲು ಹಣ್ಣು ಕಡಿಮೆ ಮಾಡಬೇಕೆ?

ಪ್ರಶ್ನೆ: ನಮ್ಮದು ನಾಲ್ಕು ಜನರ ಸಂಸಾರ, ದುಡಿಯುವವರು ಒಬ್ಬರೇ. ಮಗಳಿಗೆ ಎಂಟು ವರ್ಷ, ಮಗನಿಗೆ ಮೂರು. ಮಕ್ಕಳಿಗೆ ಒಳ್ಳೆಯದಾಗಲಿ ಎಂದು ಈ ವರ್ಷ ದಿನಸಿ, ತರಕಾರಿ, ಹಾಲು, ಬಿಸ್ಕತ್ತು ಎಲ್ಲವನ್ನೂ ಸಾವಯವಕ್ಕೆ ಬದಲಾಯಿಸಿದೆವು. ಈಗ ತಿಂಗಳ ಕೊನೆಗೆ ಕೈ ಖಾಲಿ. ಹಣ್ಣು ತರುವುದು ವಾರಕ್ಕೊಮ್ಮೆ ಆಗಿಬಿಟ್ಟಿದೆ. ಮತ್ತೆ ಮಾಮೂಲಿ ಪದಾರ್ಥಕ್ಕೆ ಹೋದರೆ ಮಕ್ಕಳ ಕೈಗೆ ವಿಷ ಕೊಟ್ಟಂತೆ ಎಂಬ ಅಳುಕು. ಏನು ಮಾಡಲಿ?
– ಹೆಸರು ಬೇಡ

ಉತ್ತರ: ಹಣ್ಣನ್ನು ನಾಳೆಯಿಂದಲೇ ಮೊದಲಿನಷ್ಟು ತನ್ನಿ. ಸಾವಯವದ್ದು ಎಟುಕದಿದ್ದರೆ ಮಾಮೂಲಿಯದೇ ಆಗಲಿ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಕೊಟ್ಟ ಸಲಹೆಯ ಪ್ರಕಾರ 2ರಿಂದ 5 ವರ್ಷದ ಮಗುವಿಗೆ ದಿನಕ್ಕೆ ಕನಿಷ್ಠ 250 ಗ್ರಾಂ, 6ರಿಂದ 9 ವರ್ಷದವರಿಗೆ 350 ಗ್ರಾಂ, ಅಲ್ಲಿಂದ ಮೇಲಿನವರಿಗೆ 400 ಗ್ರಾಂ ಹಣ್ಣು ತರಕಾರಿ ಬೇಕು. ಅವು ಸಾವಯವವೇ ಆಗಿರಬೇಕೆಂಬ ಷರತ್ತಿಲ್ಲ. ನಿಮ್ಮ ಮನೆಯಲ್ಲಿ ಆಗಿರುವುದು ಉಲ್ಟಾ: ಸಾವಯವ ಎಂಬ ಮುದ್ರೆಗಾಗಿ ದುಡ್ಡು ಸುರಿದು ತಟ್ಟೆ ಬರಿದಾಗಿದೆ.

ವಿಷದ ಅಳುಕಿನ ಬಗ್ಗೆ. 2012ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಇನ್ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದರು. ಸಾವಯವಕ್ಕೂ ಮಾಮೂಲಿಗೂ ಪೋಷಕಾಂಶಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಕೀಟನಾಶಕದ ಉಳಿಕೆ ಮಾತ್ರ ಸಾವಯವದಲ್ಲಿ ಕಡಿಮೆ ಇತ್ತು. ಹಾಗೆಂದು ಮಾಮೂಲಿ ಬೆಳೆಯಲ್ಲಿ ಅದು ಮಿತಿ ಮೀರಿದ್ದೂ ಅಪರೂಪವೇ. 2014ರಲ್ಲಿ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ನೇತೃತ್ವದಲ್ಲಿ 343 ಪ್ರಬಂಧಗಳ ಪರಿಶೀಲನೆ ನಡೆದಾಗ ಸಾವಯವ ಬೆಳೆಗಳಲ್ಲಿ ಆ್ಯಂಟಿಆಕ್ಸಿಡೆಂಟ್ ಹೆಚ್ಚು, ಕ್ಯಾಡ್ಮಿಯಂ ಎಂಬ ವಿಷಕಾರಿ ಲೋಹ ಕಡಿಮೆ ಎಂದು ಬಂತು. ತಜ್ಞರ ನಡುವೆ ಈ ಜಗಳ ಇನ್ನೂ ಮುಗಿದಿಲ್ಲ. ಆದರೆ ಎರಡೂ ಕಡೆಯವರು ಒಪ್ಪುವ ಮಾತೊಂದಿದೆ: ಸಾವಯವದಲ್ಲಿ ಉಳಿಕೆ ಕಡಿಮೆ. ಹೆಚ್ಚಿನ ದುಡ್ಡು ಕೊಡುವುದೇ ಆದರೆ ಉಳಿಕೆ ಹೆಚ್ಚಿರುವ ಕಡೆ ಕೊಡಿ. ಅಂದಹಾಗೆ, ಸುರಕ್ಷಿತ ಸೇವನೆಯ ಮಿತಿ ಗೊತ್ತುಮಾಡುವಾಗ ಪ್ರಾಣಿಗಳಲ್ಲಿ ತೊಂದರೆ ಕಾಣಿಸದ ಪ್ರಮಾಣವನ್ನು ಹಿಡಿದು ಸಾಮಾನ್ಯವಾಗಿ ಅದರ ನೂರರಲ್ಲಿ ಒಂದು ಪಾಲನ್ನು ಮಾತ್ರ ಒಪ್ಪುತ್ತಾರೆ. ಮಾಮೂಲಿ ಸೇಬು ತಿನ್ನಿಸಿದ ತಾಯಿ ವಿಷ ತಿನ್ನಿಸಿದವಳಲ್ಲ.

ಉಳಿಕೆ ಹೆಚ್ಚಿರುವುದು ಸಿಪ್ಪೆ ಸಮೇತ ತಿನ್ನುವುದರಲ್ಲಿ, ಎಲೆಯನ್ನೇ ತಿನ್ನುವುದರಲ್ಲಿ: ಸ್ಟ್ರಾಬೆರಿ, ದ್ರಾಕ್ಷಿ, ಸೇಬು, ಪೇರ್, ಪಾಲಕ್, ದಪ್ಪ ಮೆಣಸಿನಕಾಯಿ. ಈರುಳ್ಳಿ, ಅನಾನಸ್, ಪಪ್ಪಾಯಿ, ಕಲ್ಲಂಗಡಿ, ಮೇಲಿನ ಎಲೆ ಕಿತ್ತ ಎಲೆಕೋಸು ಇವುಗಳಲ್ಲಿ ಕಡಿಮೆ. ಇಂಥ ಪಟ್ಟಿಗಳಲ್ಲಿ ಎಷ್ಟು ಬಗೆಯ ಕೀಟನಾಶಕ ಸಿಕ್ಕಿತು ಎಂಬ ಎಣಿಕೆಗೇ ತೂಕ ಹೆಚ್ಚು, ಅದು ಎಷ್ಟು ಅಪಾಯಕಾರಿ ಎಂಬುದಕ್ಕೆ ಕಡಿಮೆ. ಹಾಗಾಗಿ ಅದನ್ನು ವೇದವಾಕ್ಯ ಮಾಡಿಕೊಳ್ಳಬೇಡಿ. ನಿಮ್ಮ ಮಕ್ಕಳು ದಿನಾ ತಿನ್ನುವುದು ಯಾವುದು, ಅದರಲ್ಲಿ ಸಿಪ್ಪೆ ಸಮೇತ ಹೊಟ್ಟೆಗೆ ಹೋಗುವುದು ಯಾವುದು, ಇಷ್ಟು ನೋಡಿ. ಎರಡು ಮೂರು ಪದಾರ್ಥ ಸಿಗುತ್ತವೆ. ಅಷ್ಟನ್ನು ಸಾವಯವದ್ದು ಕೊಳ್ಳಿ, ಮಿಕ್ಕಿದ್ದು ಮಾಮೂಲಿ.

ಮಾಮೂಲಿ ಸೇಬನ್ನು ತೊಳೆಯುವುದಕ್ಕೂ ಒಂದು ಕ್ರಮವಿದೆ. 2017ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದವರು ಎರಡು ಕೀಟನಾಶಕ ಹಚ್ಚಿದ ಸೇಬುಗಳನ್ನು ಬೇರೆ ಬೇರೆ ನೀರಿನಲ್ಲಿ ತೊಳೆದು ನೋಡಿದರು. ಬರೀ ನೀರಿಗಿಂತ ಅಡುಗೆ ಸೋಡಾ ಹಾಕಿದ ನೀರೇ ಮೇಲು. ಲೀಟರಿಗೆ 10 ಗ್ರಾಂ, ಅಂದರೆ ಸುಮಾರು ಎರಡು ಟೀ ಚಮಚ ಸೋಡಾ ಕರಗಿಸಿ, ಹಣ್ಣನ್ನು 12ರಿಂದ 15 ನಿಮಿಷ ಮುಳುಗಿಸಿಟ್ಟು, ಆಮೇಲೆ ಹರಿಯುವ ನೀರಿನಲ್ಲಿ ಉಜ್ಜಿ. ಎರಡು ನಿಮಿಷ ಅದ್ದಿ ತೆಗೆದರೆ ಅಷ್ಟು ಫಲವಿಲ್ಲ. ಸಿಪ್ಪೆಯೊಳಗೆ ಇಳಿದದ್ದು ಇದರಿಂದಲೂ ಹೋಗದು. ಆ ಪ್ರಯೋಗದಲ್ಲಿ ಒಂದು ಕೀಟನಾಶಕದ ಸುಮಾರು 20% ಒಳಗೆ ಇಳಿದಿತ್ತು. ಸೋಪು, ಡಿಟರ್ಜೆಂಟ್ ಮಾತ್ರ ಬೇಡವೇ ಬೇಡ.

ಕೊಳ್ಳುವ ಪಟ್ಟಿಯಿಂದ ಮೊದಲು ಹೊಡೆದುಹಾಕಬೇಕಾದದ್ದು ಸಾವಯವ ಬಿಸ್ಕತ್ತು, ಚಿಪ್ಸ್, ಜಾಮ್. ಸಕ್ಕರೆ ಸಾವಯವವಾದರೂ ಸಕ್ಕರೆಯೇ. ಹಾಲಿನ ವಿಚಾರದಲ್ಲೂ ನನಗೆ ಅಷ್ಟು ಉತ್ಸಾಹವಿಲ್ಲ. ಸಾವಯವ ಹಾಲಿನಲ್ಲಿ ಒಮೆಗಾ-3 ತುಸು ಜಾಸ್ತಿ ನಿಜ, ಆದರೆ ಹಾಲಿನಿಂದ ಸಿಗುವ ಒಮೆಗಾ-3ಯೇ ಅತ್ಯಲ್ಪ. ಅಯೋಡಿನ್ ಮಾಮೂಲಿ ಹಾಲಿನಲ್ಲೇ ಹೆಚ್ಚು. ಅಕ್ಕಿಗೆ ಸೇರುವ ಆರ್ಸೆನಿಕ್ ಎಂಬ ವಿಷ ಮಣ್ಣು, ನೀರಿನಿಂದ ಬರುವಂಥದ್ದು. ಸಾವಯವ ಎಂಬ ಮುದ್ರೆಗೆ ಅದನ್ನು ತಡೆಯುವ ಶಕ್ತಿಯಿಲ್ಲ. ಒಂದು ಪಾಲು ಅಕ್ಕಿಗೆ 6ರಿಂದ 10 ಪಾಲು ನೀರಿಟ್ಟು ಬೇಯಿಸಿ ಬಸಿದರೆ ಹೆಚ್ಚುಕಡಿಮೆ ಅರ್ಧದಷ್ಟು ಹೋಗುತ್ತದೆ. ಜೊತೆಗೆ ಒಂದಿಷ್ಟು ಬಿ ವಿಟಮಿನ್ನೂ ಹೋಗುತ್ತದೆ ಅನ್ನುವುದು ಗೊತ್ತಿರಲಿ.

ಬೇಳೆ, ಧಾನ್ಯ ಸಾವಯವದ್ದೇ ಬೇಕೆಂದರೆ ಅಗ್ಗವೆಂದು ಮೂಟೆಗಟ್ಟಲೆ ತರಬೇಡಿ. ಹುಳು ಬೀಳುತ್ತದೆ. ಸಣ್ಣ ಪ್ರಮಾಣದಲ್ಲಿ ತಂದು, ಫ್ರೀಜರ್ ಇದ್ದರೆ ಗಾಳಿಯಾಡದ ಚೀಲದಲ್ಲಿ ನಾಲ್ಕು ದಿನ ಇಟ್ಟು ತೆಗೆದರೆ ಹುಳುವೂ ಮೊಟ್ಟೆಯೂ ಸಾಯುತ್ತವೆ. ಹೊರತೆಗೆದ ಮೇಲೆ ಚೀಲದ ತಂಪು ಪೂರ್ತಿ ಹೋಗುವವರೆಗೆ ಬಾಯಿ ಬಿಚ್ಚಬೇಡಿ, ತೇವ ಹಿಡಿಯುತ್ತದೆ. ಇನ್ನು ವಾರದ ಕೊನೆಗೆ ಬಾಡಿದ ಸೊಪ್ಪು ಕಸದ ಬುಟ್ಟಿ ಸೇರುತ್ತಿದೆಯೇ ನೋಡಿ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಅಂದಾಜಿನಂತೆ 2022ರಲ್ಲಿ ಜಗತ್ತಿನಲ್ಲಿ ವ್ಯರ್ಥವಾದ ಆಹಾರ 105 ಕೋಟಿ ಟನ್, ಅದರಲ್ಲಿ 60% ಮನೆಗಳಿಂದಲೇ. ಸೊಪ್ಪನ್ನು ಎರಡು ದಿನಕ್ಕಾಗುವಷ್ಟೇ ತಂದರೆ ಒಂದಿಷ್ಟು ಹಣ್ಣಿನ ದುಡ್ಡು ಅಲ್ಲೇ ಹುಟ್ಟುತ್ತದೆ.

ಪ್ರಶ್ನೆ: ‘ನೈಸರ್ಗಿಕ’ ಎಂದು ಬರೆದ ಪೊಟ್ಟಣ ನಂಬಬಹುದೇ? ಪ್ರಮಾಣಪತ್ರ ಇಲ್ಲದ ರೈತರಿಂದ ನೇರವಾಗಿ ಕೊಂಡರೆ ಅಗ್ಗ, ಕೊಳ್ಳಬಹುದೇ?

ಉತ್ತರ: ಸಾವಯವ ಮುದ್ರೆಯ ಹಿಂದೆ ತಪಾಸಣೆ ಇರುತ್ತದೆ. ನೈಸರ್ಗಿಕ, ಶುದ್ಧ, ತೋಟದಿಂದ ನೇರ ಎಂಬ ಬರಹಗಳ ಹಿಂದೆ ಹೆಚ್ಚಿನ ಕಡೆ ಅಂಥ ತಪಾಸಣೆ ಇಲ್ಲ. ಅವಕ್ಕೆ ಹೆಚ್ಚು ಬೆಲೆ ಕೊಡಬೇಡಿ.

ರೈತರ ಹತ್ತಿರ ಧಾರಾಳವಾಗಿ ಕೊಳ್ಳಿ. ಪ್ರಮಾಣಪತ್ರದ ಖರ್ಚು, ಕಾಗದಪತ್ರ ಸಣ್ಣ ಹಿಡುವಳಿಗೆ ಹೊರೆ. ರಾಸಾಯನಿಕ ಬಿಟ್ಟು ಎಷ್ಟು ವರ್ಷವಾಯಿತು ಎಂದು ಕೇಳಿ. ಪ್ರಮಾಣಪತ್ರದ ನಿಯಮಗಳಲ್ಲೂ ಸಾಮಾನ್ಯವಾಗಿ ಎರಡು ಮೂರು ವರ್ಷದ ಪರಿವರ್ತನೆಯ ಅವಧಿ ಇರುತ್ತದೆ. ಹುಳು ಬಂದರೆ ಏನು ಮಾಡುತ್ತೀರಿ ಎಂದೂ ಕೇಳಿ. ಹುಳುವೇ ಬರುವುದಿಲ್ಲ ಎನ್ನುವವರಿಗಿಂತ, ಏನು ಸಿಂಪಡಿಸುತ್ತೇವೆ, ಯಾವಾಗ ನಿಲ್ಲಿಸುತ್ತೇವೆ ಎಂದು ಬಿಡಿಸಿ ಹೇಳುವವರನ್ನು ನಾನು ನಂಬುತ್ತೇನೆ. ಎಲೆಯಲ್ಲಿ ತೂತಿದೆ ಎಂಬುದು ಸಾವಯವಕ್ಕೆ ಪುರಾವೆಯಲ್ಲ. ತಾಮ್ರದ ಲವಣ, ಸೇವಂತಿಗೆ ಜಾತಿಯ ಹೂವಿನಿಂದ ತೆಗೆದ ಪೈರೆಥ್ರಮ್‌ನಂಥವನ್ನು ಸಾವಯವ ಕೃಷಿಯಲ್ಲೂ ಸಿಂಪಡಿಸಲು ಅನುಮತಿಯಿದೆ, ಹಾಗಾಗಿ ಸಾವಯವದ್ದನ್ನೂ ತೊಳೆದೇ ತಿನ್ನಿ.