ಬಿಲೇನಾ ಆಕೆಯ ಹೆಸರಲ್ಲ

ನಮಸ್ಕಾರ. ಪತ್ರವೂ ಮೂರು ಫೋಟೋಗಳೂ ತಲುಪಿದವು. ಮಿಲಾನ್‌ನಲ್ಲಿರುವ ನಿಮ್ಮ ಮಗಳು ಅಲ್ಲಿನ ಹಳೇ ಸಾಮಾನಿನ ಸಂತೆಯಲ್ಲಿ ಆಫ್ರಿಕದ ಹೆಂಗಸೊಬ್ಬಳ ತೈಲಚಿತ್ರ ಕೊಂಡಿದ್ದಾರೆ. ಹಿಂದುಗಡೆ ಪೆನ್ಸಿಲಿನಲ್ಲಿ ‘ಬಿಲೇನಾ, ಕೆರೆನ್, 1938’ ಎಂದು ಬರೆದಿದೆ. ಈ ಬಿಲೇನಾ ಯಾರು, ಚಿತ್ರವನ್ನು ಮನೆಯಲ್ಲಿ ಹಾಕಬಹುದಾ ಎಂದು ಕೇಳಿದ್ದೀರಿ.

ಬಿಲೇನಾ ಎನ್ನುವುದು ಆಕೆಯ ಹೆಸರಲ್ಲ. ಎರಿಟ್ರಿಯಾದ ಕೆರೆನ್ ಊರಿನ ಸುತ್ತಮುತ್ತ ಬಿಲೇನ್ ಎಂಬ ಜನ ಇದ್ದಾರೆ. ಆ ಜನದ ಹೆಣ್ಣನ್ನು ಇಟಲಿಯವರು ‘ಬಿಲೇನಾ’ ಅನ್ನುತ್ತಿದ್ದರು. ನಮ್ಮಲ್ಲೂ ಬ್ರಿಟಿಷರ ಕಾಲದ ಫೋಟೋಗಳ ಕೆಳಗೆ ‘ಲಂಬಾಣಿ ಹೆಂಗಸು’ ಅಂತ ಬರೆದು ಕೈತೊಳೆದುಕೊಳ್ಳುತ್ತಿದ್ದರಲ್ಲ, ಹಾಗೆ. ಚಿತ್ರಕಾರ ಆಕೆಯ ಹೆಸರು ಕೇಳಿದನೋ ಇಲ್ಲವೋ, ಬರೆದಿಡಲಂತೂ ಇಲ್ಲ.

ಚಿತ್ರ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆ ಮೂಗುತಿ ನೋಡಿ. ಬ್ರಶ್ ಒಂದೇ ಸಲ ಒತ್ತಿ ಎತ್ತಿದ ಹಳದಿ, ಅದರ ಮೇಲೆ ಒಂದು ಬಿಳಿ ಚುಕ್ಕೆ. ಬಣ್ಣ ಎಷ್ಟು ದಪ್ಪ ಅಂದರೆ, ಓರೆ ಬೆಳಕಿನಲ್ಲಿ ತೆಗೆದ ಫೋಟೋದಲ್ಲಿ ಅದರ ನೆರಳೇ ಬಿದ್ದಿದೆ. ಮೂಗುತಿಗೆ, ಹೆಣೆದ ಕೂದಲಿಗೆ ಇಷ್ಟು ತಾಳ್ಮೆ ತೋರಿದವನು ಕೈಗಳನ್ನು ಮಾತ್ರ ಎರಡು ಕಂದು ಗೀಟಿನಲ್ಲಿ ಮುಗಿಸಿಬಿಟ್ಟಿದ್ದಾನೆ. ಎಡ ಹೆಗಲಿನ ಬಟ್ಟೆ ಜಾರಿದೆ. ಜಾರಿದ ಇಂಥ ಬಟ್ಟೆ ಆ ಕಾಲದ ಎಷ್ಟೋ ಇಟಾಲಿಯನ್ ಚಿತ್ರಗಳಲ್ಲಿ, ಪೋಸ್ಟ್‌ಕಾರ್ಡುಗಳಲ್ಲಿ ಸಿಗುತ್ತದೆ. ತಾನಾಗಿ ಜಾರಿದ್ದಲ್ಲ ಅಂತ ನನ್ನ ಗುಮಾನಿ.

ಇಸವಿಯನ್ನೂ ಸುಮ್ನೆ ಬಿಡುವ ಹಾಗಿಲ್ಲ. ಎರಿಟ್ರಿಯಾ 1890ರಿಂದಲೇ ಇಟಲಿಯ ವಸಾಹತು. ಅಲ್ಲಿಗೆ ಹೋದ ಗಂಡಸರು ಊರಿನ ಹೆಣ್ಣುಗಳನ್ನು ಇಟ್ಟುಕೊಳ್ಳುವುದು ಎಷ್ಟು ಮಾಮೂಲಿ ಅಂದರೆ, ಅಂಥವಳನ್ನು ಕರೆಯಲು ‘ಮದಾಮಾ’ ಎಂಬ ಪದವೇ ಇತ್ತು. ಮುಸೊಲಿನಿ 1935ರಲ್ಲಿ ಇಥಿಯೋಪಿಯಾದ ಮೇಲೆ ದಂಡೆತ್ತಿ ಹೋದ. 1937ರ ಏಪ್ರಿಲ್‌ನಲ್ಲಿ ಹೊಸ ಕಾನೂನು ಬಂತು: ವಸಾಹತಿನ ಹೆಣ್ಣಿನ ಜೊತೆ ಸಂಸಾರ ಮಾಡುವ ಇಟಲಿಯವನಿಗೆ 1ರಿಂದ 5 ವರ್ಷ ಜೈಲು. ಹೆಣ್ಣಿನ ಮೇಲಿನ ಕನಿಕರ ಅಂದುಕೊಳ್ಳಬೇಡಿ, ತಮ್ಮ ಜನಾಂಗ ಕೆಡುತ್ತದೆ ಎಂಬ ಭಯ. ಸೂಳೆಮನೆಗೆ ಹೋಗಲು ಆ ಕಾನೂನು ಅಡ್ಡ ಬರಲಿಲ್ಲ. ಅಂದರೆ 1938ರಲ್ಲಿ ಆಕೆಯೊಡನೆ ಗಂಡನಂತೆ ಬಾಳಿದರೆ ಅಪರಾಧ, ಆಕೆಯ ಚಿತ್ರ ಬರೆದು ನಡುಮನೆಯಲ್ಲಿ ನೇತುಹಾಕಿದರೆ ಅಲಂಕಾರ. 1940ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಇಂಥ ಸಂಬಂಧದಲ್ಲಿ ಹುಟ್ಟಿದ ಮಗುವನ್ನು ಅಪ್ಪ ತನ್ನದು ಎಂದು ಒಪ್ಪಿಕೊಳ್ಳುವಂತೆಯೂ ಇಲ್ಲ.

ಬಿಜಾಪುರದ ಆದಿಲ್‌ಶಾಹಿ ಚಿತ್ರಗಳಲ್ಲೂ ಆಫ್ರಿಕದ ಮೂಲದವರಿದ್ದಾರೆ. ಇಖ್ಲಾಸ್ ಖಾನ್ ಎಂಬ ಹಬಶಿ ಮಂತ್ರಿಯ ಹೆಸರೂ ಮುಖವೂ ಎರಡೂ ಉಳಿದಿವೆ. ಅಧಿಕಾರ ಇದ್ದವನು, ಬಿಡಿ.

ಚಿತ್ರವನ್ನು ಮನೆಯಲ್ಲಿ ಧಾರಾಳವಾಗಿ ಹಾಕಲಿ. ಬಂದವರು ಕೇಳಿದರೆ ‘ಇವಳು ಬಿಲೇನಾ’ ಅನ್ನದೆ, ‘ಕೆರೆನ್ ಕಡೆಯ ಒಬ್ಬ ಬಿಲೇನ್ ಹೆಂಗಸು’ ಅಂದರೆ ಸಾಕು. ಫ್ರೇಮ್ ಬದಲಾಯಿಸುವುದಾದರೆ ಅಂಗಡಿಯವರಿಗೆ ಮೊದಲೇ ಹೇಳಿರಲಿ. ಅವರು ಹಿಂಬದಿಗೆ ಕಂದು ಕಾಗದ ಅಂಟಿಸಿಬಿಡುತ್ತಾರೆ, ಪೆನ್ಸಿಲಿನ ಆ ಸಾಲು ಅದರಡಿ ಹೋಗುತ್ತದೆ.

– ಸಂ.