ರಾತ್ರಿ ಒಂದೂವರೆಯ ಟಿಕೆಟ್ ಚಿಂತೆ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ಹೆಸರು, ಊರು, ಕೆಲಸದ ವಿವರ ಬದಲಿಸಲಾಗಿದೆ.)

ಕಿರಣ್‌ಗೆ 34 ವರ್ಷ. ಹುಬ್ಬಳ್ಳಿಯಲ್ಲಿ ಬೆಳೆದವರು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಮನೆಯಲ್ಲಿ ಹೆಂಡತಿ, ಆರು ವರ್ಷದ ಮಗಳು. ಡಿಸೆಂಬರ್ ಮೊದಲ ವಾರ ಬಂದಾಗ ಅರ್ಜಿಯ 'ತೊಂದರೆ ಏನು' ಎಂಬ ಜಾಗದಲ್ಲಿ 'ನಿದ್ದೆ' ಎಂದಷ್ಟೇ ಬರೆದಿದ್ದರು. ಜೊತೆಗೆ ಬಂದಿದ್ದ ಹೆಂಡತಿ ಅದನ್ನು ಓದಿ ನಕ್ಕರು. "ನಿದ್ದೆ ಅಲ್ಲ ಮೇಡಂ, ಟಿಕೆಟ್ಟು. ಇವರು ಮ್ಯಾಚ್ ನೋಡೋದಕ್ಕೆ ನನ್ನ ತಕರಾರಿಲ್ಲ. ಆದರೆ ಫೋನ್ ನೋಡಿದ ಮೇಲೆ ಇವರ ಮುಖ ಹೇಗಿರುತ್ತೋ ಅವತ್ತು ಮನೆ ಹಾಗಿರುತ್ತೆ. ಮಗಳು ದಿನಾ ಕೇಳ್ತಾಳೆ, ಅಪ್ಪಂಗೆ ಲಂಡನ್ ಸಿಕ್ತಾ ಅಂತ."

ಕಿರಣ್ ಲಂಡನ್ನಿನ ಫುಟ್‌ಬಾಲ್ ಕ್ಲಬ್ ಅರ್ಸೆನಲ್‌ನ ಅಭಿಮಾನಿ. 2003-04ರಲ್ಲಿ ಆ ತಂಡ 38 ಪಂದ್ಯಗಳಲ್ಲಿ ಒಂದನ್ನೂ ಸೋಲದೆ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಗೆದ್ದಾಗ ಇವರು ಹೈಸ್ಕೂಲಿನಲ್ಲಿದ್ದರು. ಅಂದಿನಿಂದ ಹಿಡಿದ ಹುಚ್ಚು. ಇಪ್ಪತ್ತು ವರ್ಷ ಟಿವಿಯಲ್ಲಿ ನೋಡಿದ್ದನ್ನು ಒಮ್ಮೆ ಸ್ಟೇಡಿಯಂನಲ್ಲಿ ಕೂತು ನೋಡಬೇಕು, ಅಷ್ಟೇ ಆಸೆ. ಆಸೆ ದೊಡ್ಡದೇನಲ್ಲ. ಅದಕ್ಕೆ ಇವರು ಹಿಡಿದ ದಾರಿಯಲ್ಲಿ ಹಿಂದುಮುಂದಾಗಿತ್ತು.

ಆ ಟಿಕೆಟ್ ಹೇಗೆ ಸಿಗುತ್ತದೆ ಎಂದು ತಿಳಿಯದೆ ಈ ಆತಂಕದ ಬಗ್ಗೆ ಸಲಹೆ ಕೊಡುವುದು ಕಷ್ಟ. 'ಅದು ಬರೀ ಆಟ ಅಲ್ವಾ, ಬಿಡಿ' ಎಂದರೆ ಬಂದವರು ಎರಡನೇ ಸಲ ಬರುವುದಿಲ್ಲ. ಅರ್ಸೆನಲ್‌ನ ತವರು ಮೈದಾನ ಎಮಿರೇಟ್ಸ್ ಸ್ಟೇಡಿಯಂನಲ್ಲಿ 60,704 ಸೀಟು. ಬಹುಪಾಲು ಸೀಸನ್ ಟಿಕೆಟ್ (ಇಡೀ ಋತುವಿನ ಪಂದ್ಯಗಳಿಗೆ ಒಂದೇ ಟಿಕೆಟ್) ಇರುವವರದು, ಎದುರಾಳಿ ತಂಡದ ಬೆಂಬಲಿಗರಿಗೂ ಒಂದು ಪಾಲು ಹೋಗುತ್ತದೆ. ಉಳಿದದ್ದಕ್ಕೆ ಕ್ಲಬ್ಬಿನ ಮೆಂಬರುಗಳು ಪ್ರತಿ ಪಂದ್ಯಕ್ಕೂ ಬೇರೆಬೇರೆಯಾಗಿ ಬ್ಯಾಲೆಟ್‌ಗೆ ಹೆಸರು ಹಾಕಬೇಕು. ಬ್ಯಾಲೆಟ್ ಎಂದರೆ ಚೀಟಿ ಎತ್ತುವುದು, ಈಗ ಕಂಪ್ಯೂಟರ್ ಎತ್ತುತ್ತದೆ. ಅಲ್ಲಿ ಸಿಗದಿದ್ದರೆ ಟಿಕೆಟ್ ಎಕ್ಸ್‌ಚೇಂಜ್ ಇದೆ: ಆ ದಿನ ಬರಲಾಗದ ಸೀಸನ್ ಟಿಕೆಟ್‌ನವರು ಬಿಟ್ಟುಕೊಟ್ಟ ಸೀಟುಗಳು ಕ್ಲಬ್ಬಿನ ತಾಣದಲ್ಲಿ ಒಂದೊಂದಾಗಿ ಕಾಣಿಸಿಕೊಂಡು ಕ್ಷಣಗಳಲ್ಲಿ ಮಾಯವಾಗುತ್ತವೆ. ಖಚಿತವಾಗಿ ಸಿಗುವುದು ಊಟೋಪಚಾರ ಸೇರಿದ ಹಾಸ್ಪಿಟಾಲಿಟಿ ಪ್ಯಾಕೇಜ್ ಒಂದೇ, ಅದರ ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಲೀಗಿನಲ್ಲಿ ವರ್ಷಕ್ಕೆ 19 ಹೋಮ್ ಮ್ಯಾಚ್. ಬೆಂಗಳೂರಿನವರಿಗೆ ಅದರಲ್ಲಿ ರಜೆ, ದುಡ್ಡು, ವೀಸಾ ಮೂರೂ ಕೂಡಿಬರುವುದು ಒಂದೋ ಎರಡೋ.

ಕಿರಣ್ ನಾಲ್ಕು ಬ್ಯಾಲೆಟ್‌ಗಳಲ್ಲಿ ಸೋತಿದ್ದರು. ಐದನೆಯದು ಸಿಕ್ಕೇ ಸಿಗುತ್ತದೆಂದು ಫೆಬ್ರವರಿಯ ಒಂದು ಶನಿವಾರದ ಪಂದ್ಯಕ್ಕೆ ವಿಮಾನದ ಟಿಕೆಟ್ ತೆಗೆದಿದ್ದರು. ಶುಕ್ರವಾರ ಇಳಿಯುವುದು, ಭಾನುವಾರ ರಾತ್ರಿ ಹೊರಡುವುದು.

"ವೀಸಾ?" ಎಂದು ಕೇಳಿದೆವು.

"ಅದು ಆಗುತ್ತೆ ಮೇಡಂ. ಇನ್ನೂ ಹಾಕಿಲ್ಲ."

ಪ್ರಕರಣದ ಗಂಟು ಇದ್ದದ್ದು ಇಲ್ಲೇ. ದಿನಕ್ಕೆ ಮೂರು ಗಂಟೆ ಟಿಕೆಟ್ಟಿನ ಬಗ್ಗೆ ಯೋಚಿಸುವ ಮನುಷ್ಯ, ತನ್ನ ಕೈಯಲ್ಲೇ ಇರುವ, ಗಡುವೂ ಇರುವ ಕೆಲಸವನ್ನು ಮುಟ್ಟಿರಲಿಲ್ಲ. ಚಿಂತೆ ಮಾಡುವಾಗ ಏನೋ ಕೆಲಸ ಮಾಡುತ್ತಿದ್ದೇವೆ ಅನಿಸುತ್ತದೆ, ದಣಿವೂ ಆಗುತ್ತದೆ, ಕೆಲಸ ಮಾತ್ರ ಇದ್ದಲ್ಲೇ ಇರುತ್ತದೆ.

ಎರಡನೇ ಭೇಟಿಗೆ ಒಬ್ಬರೇ ಬರಲು ಹೇಳಿದ್ದೆವು. ಒಂದು ಮನೆಗೆಲಸವೂ ಇತ್ತು: ಕ್ಲಬ್ಬಿನ ತಾಣ ತೆರೆದಾಗಲೆಲ್ಲ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಒಂದು ಗೆರೆ. ತಂದ ಹಾಳೆಗಳಲ್ಲಿ ಮೊದಲ ದಿನದ್ದು 43 ಗೆರೆ. ಐದೈದರ ಕಟ್ಟು ಹಾಕಿ, ಗಂಟೆಯನ್ನೂ ಗುರುತಿಸಿದ್ದರು. ಮುಕ್ಕಾಲು ಪಾಲು ರಾತ್ರಿ ಹನ್ನೊಂದರಿಂದ ಎರಡರೊಳಗೆ. ಆದರೆ ಫೆಬ್ರವರಿಯ ಆ ಪಂದ್ಯಕ್ಕೆ ಬ್ಯಾಲೆಟ್ಟೇ ತೆರೆದಿರಲಿಲ್ಲ, ಎಕ್ಸ್‌ಚೇಂಜ್ ಅದಕ್ಕೂ ಆಮೇಲೆ. 43 ಸಲ ನೋಡಿದರೂ ಕಾಣಲು ಅಲ್ಲಿ ಏನೂ ಇರಲಿಲ್ಲ. ಅದು ಅವರಿಗೂ ಗೊತ್ತು. ಗೊತ್ತಿದ್ದೂ ಯಾಕೆ ಎಂದು ಕೆದಕಿದಾಗ ಸೆಪ್ಟೆಂಬರಿನ ಒಂದು ರಾತ್ರಿ ಹೊರಬಿತ್ತು. ಎಕ್ಸ್‌ಚೇಂಜ್‌ನಲ್ಲಿ ಮೇಲಿನ ಅಂತಸ್ತಿನ ಒಂದು ಸೀಟು ಹಸಿರಾಗಿ ಕಂಡಿತ್ತು, ಬೆರಳಿಡುವಷ್ಟರಲ್ಲಿ ಬೇರೆಯವರ ಪಾಲಾಗಿತ್ತು. ಆಗ ಇವರ ಬಳಿ ವೀಸಾ ಇಲ್ಲ, ರಜೆ ಇಲ್ಲ, ಸಿಕ್ಕಿದ್ದರೂ ಹೋಗಲು ಆಗುತ್ತಿರಲಿಲ್ಲ. ಆದರೂ ಆ ಹಸಿರು ಚುಕ್ಕೆ ಬೆರಳಿಗೆ ಅಂಟಿಕೊಂಡಿತು. ಯಾವಾಗಲೋ ಒಮ್ಮೆ ಸಿಗುವುದು ಪ್ರತಿ ಸಲ ಸಿಗುವುದಕ್ಕಿಂತ ಬಿಗಿಯಾಗಿ ಹಿಡಿಯುತ್ತದೆ. ಇಸ್ಪೀಟು ಬಿಡದವರಲ್ಲಿ ಕಾಣುವುದೂ ಇದನ್ನೇ.

ಅದೇ ಭೇಟಿಯ ಕೊನೆಯ ಹತ್ತು ನಿಮಿಷದಲ್ಲಿ ಇನ್ನೊಂದು ವಿಷಯ ಬಂತು. ಮುಖ್ಯವಾದದ್ದು ಬರುವುದು ಬಹಳ ಸಲ ಆ ಹತ್ತು ನಿಮಿಷದಲ್ಲೇ. ಮೆಸೇಜಿಂಗ್ ಆ್ಯಪಿನ ಒಂದು ಗುಂಪಿನಲ್ಲಿ ಸಿಕ್ಕ ಅಪರಿಚಿತನಿಗೆ ಎಂಟು ದಿನದ ಹಿಂದೆ ₹20,000 ಮುಂಗಡ ಕಳಿಸಿದ್ದರು. ಆತ ಟಿಕೆಟ್ಟಿನ ಪಿಡಿಎಫ್ ಕಳಿಸಿ ಆಮೇಲೆ ಉತ್ತರ ನಿಲ್ಲಿಸಿದ್ದ. ಹೆಂಡತಿಗೆ ಹೇಳಿರಲಿಲ್ಲ. ನಿದ್ದೆ ಕೆಟ್ಟದ್ದರಲ್ಲಿ ಅರ್ಧ ಇದರ ಪಾಲು.

ಮೋಸದ ಗುರುತು ಆ ಪಿಡಿಎಫ್‌ನಲ್ಲೇ ಇತ್ತು. ಎಮಿರೇಟ್ಸ್‌ನ ಗೇಟಿನಲ್ಲಿ ನಡೆಯುವುದು ಫೋನಿನ ವಾಲೆಟ್‌ಗೆ ಇಳಿಸಿಕೊಂಡ ಡಿಜಿಟಲ್ ಪಾಸ್. ಸ್ಕ್ರೀನ್‌ಶಾಟ್, ಪ್ರಿಂಟ್ ನಡೆಯುವುದಿಲ್ಲ. ಇನ್ನೊಂದು ಸಂಗತಿಯನ್ನು ನಮ್ಮ ಅಭಿಮಾನಿಗಳು ಹಲವರು ಗಮನಿಸಿರುವುದಿಲ್ಲ: ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಅನುಮತಿಯಿಲ್ಲದೆ ಫುಟ್‌ಬಾಲ್ ಟಿಕೆಟ್ ಮರುಮಾರಾಟ ಮಾಡುವುದು 1994ರ ಕಾಯ್ದೆಯ ಪ್ರಕಾರ ಅಪರಾಧ. ಕ್ರಿಕೆಟ್ ಟಿಕೆಟ್ ಬ್ಲ್ಯಾಕ್‌ನಲ್ಲಿ ಕೊಂಡು ರೂಢಿ ಇದ್ದವರಿಗೆ ಇದು ಸಣ್ಣ ವಿಷಯ ಅನಿಸುತ್ತದೆ. ನಿಜವಾದ ಪಾಸ್ ಬಂದರೂ ಅದು ಬೇರೆಯವರ ಮೆಂಬರ್‌ಶಿಪ್‌ನದ್ದಾದರೆ ಕ್ಲಬ್ ಅದನ್ನು ರದ್ದು ಮಾಡಬಹುದು. ಹತ್ತು ಗಂಟೆ ಹಾರಿ ಹೋಗಿ ಗೇಟಿನಲ್ಲಿ ಕೆಂಪು ದೀಪ ನೋಡಬೇಕಾಗುತ್ತದೆ.

ಕೊಟ್ಟ ಸಲಹೆ

ಮೊದಲು ದುಡ್ಡು. ಅವತ್ತೇ ಸಂಜೆ 1930 ಸಹಾಯವಾಣಿಗೆ ಕರೆ ಮಾಡಿ ಸೈಬರ್ ದೂರು ಕೊಡುವುದು. ಯುಪಿಐ ವಹಿವಾಟಿನ ಸಂಖ್ಯೆ, ದಿನಾಂಕ, ಗಂಟೆ, ಚಾಟ್‌ನ ಸ್ಕ್ರೀನ್‌ಶಾಟ್ ಎಲ್ಲ ಮುಂದಿಟ್ಟುಕೊಂಡೇ ಕರೆ ಮಾಡಬೇಕು, ನಂತರ ಬ್ಯಾಂಕಿಗೂ ತಿಳಿಸಬೇಕು. ಎಂಟು ದಿನ ಕಳೆದಿದ್ದರಿಂದ ದುಡ್ಡು ಮರಳುವ ಆಸೆ ಕಡಿಮೆ ಎಂದು ಮುಚ್ಚಿಡದೆ ಹೇಳಿದೆವು. ಮೊದಲ ಕೆಲವು ಗಂಟೆಗಳಲ್ಲಿ ದೂರು ಕೊಟ್ಟರೆ ಮಾತ್ರ ದುಡ್ಡು ಮುಂದಿನ ಖಾತೆಗೆ ಜಾರುವ ಮೊದಲು ತಡೆಯುವ ಅವಕಾಶ ಚೆನ್ನಾಗಿರುತ್ತದೆ.

ಎರಡನೆಯದು ಹೆಂಡತಿಗೆ ಹೇಳುವುದು. ಹೇಗೆ ಹೇಳುತ್ತೀರಿ ಎಂದು ಕೇಳಿದಾಗ ಕಿರಣ್ ಬ್ಯಾಲೆಟ್ ಎಂದರೇನು ಎಂಬಲ್ಲಿಂದ ಶುರು ಮಾಡಿದರು. ಅದು ಬೇಡ ಎಂದೆವು. ಮೊದಲ ವಾಕ್ಯದಲ್ಲೇ ವಿಷಯ ಬರಬೇಕು: "ನಾನು ಇಪ್ಪತ್ತು ಸಾವಿರ ಕಳ್ಕೊಂಡೆ, ನಿನಗೆ ಹೇಳಿರಲಿಲ್ಲ." ಆಮೇಲೆ ಸುಮ್ಮನಿರಬೇಕು. ಅವರು ಕೇಳಿದಷ್ಟಕ್ಕೆ ಉತ್ತರ. ಸಮರ್ಥನೆ ಮುಂದೆ ಬಂದರೆ ಕೇಳುವವರಿಗೆ ದುಡ್ಡಿಗಿಂತ ಸಮರ್ಥನೆಯೇ ಚುಚ್ಚುತ್ತದೆ. ಎರಡು ಸಲ ಇಲ್ಲೇ ಹೇಳಿಸಿ ಅಭ್ಯಾಸ ಮಾಡಿಸಿದೆವು.

ಮೂರನೆಯದು ಪ್ರಯಾಣ. ಇಲ್ಲಿ ಹೆಚ್ಚು ಹೊತ್ತು ಕೂತೆವು. ಚಿಂತೆಯಲ್ಲಿ ಎಷ್ಟು ಭಾಗ ಮನಸ್ಸಿನದು, ಎಷ್ಟು ಭಾಗ ಯೋಜನೆಯ ತಪ್ಪಿನದು ಎಂದು ಬಿಡಿಸದೆ ಉಸಿರಾಟದ ವ್ಯಾಯಾಮ ಹೇಳಿಕೊಟ್ಟರೆ ಉಪಯೋಗವಿಲ್ಲ. ಜೂನ್‌ನಲ್ಲಿ ಬರುವ ಲೀಗ್ ವೇಳಾಪಟ್ಟಿ ಕಚ್ಚಾ ಪಟ್ಟಿ. ಟಿವಿಯವರು ಆರಿಸಿಕೊಂಡಂತೆ ಶನಿವಾರದ ಪಂದ್ಯ ಶುಕ್ರವಾರ ರಾತ್ರಿಗೂ ಹೋಗಬಹುದು, ಸೋಮವಾರ ರಾತ್ರಿಗೂ ಹೋಗಬಹುದು. ಶುಕ್ರವಾರ ಇಳಿದು ಭಾನುವಾರ ಹೊರಡುವವರಿಗೆ ಕೈಯಲ್ಲಿ ಪಾಸ್ ಇದ್ದರೂ ಪಂದ್ಯ ತಪ್ಪುತ್ತದೆ. ಇನ್ನು ಲೀಗಿನಿಂದ ಬೇರೆಯಾದ ಟೂರ್ನಿಗಳಿವೆ: ಲೀಗ್ ಕಪ್ ಫೈನಲ್, ಎಫ್‌ಎ ಕಪ್ ಸೆಮಿಫೈನಲ್ ನಡೆಯುವ ವಾರಾಂತ್ಯಗಳಲ್ಲಿ ನಮ್ಮ ಪಂದ್ಯದ ಎರಡು ತಂಡಗಳಲ್ಲಿ ಒಂದು ಅಲ್ಲಿ ಆಡುವಂತಾದರೆ ಲೀಗ್ ಪಂದ್ಯವೇ ಬೇರೆ ದಿನಕ್ಕೆ ಹೋಗುತ್ತದೆ. ಸೆಪ್ಟೆಂಬರ್, ಅಕ್ಟೋಬರ್, ನವೆಂಬರ್, ಮಾರ್ಚ್‌ಗಳಲ್ಲಿ ದೇಶಗಳ ನಡುವಿನ ಪಂದ್ಯಗಳಿಗಾಗಿ ಲೀಗಿಗೆ ಬಿಡುವು. ಆ ವಾರ ಲಂಡನ್ನಿನಲ್ಲಿ ಇಳಿದರೆ ಸ್ಟೇಡಿಯಂ ಟೂರ್ ಮಾಡಿ ಬರಬೇಕಷ್ಟೆ.

ಹಾಗಾಗಿ ಒಂದು ಪಂದ್ಯಕ್ಕೆ ಜೋತುಬೀಳುವುದು ಬಿಟ್ಟು ಎರಡು ಹೋಮ್ ಮ್ಯಾಚ್ ಒಳಗೊಳ್ಳುವ ಹತ್ತು-ಹನ್ನೊಂದು ದಿನ ಹುಡುಕಲು ಹೇಳಿದೆವು. ಎಂಜಿನಿಯರ್‌ಗೆ ಎಂಜಿನಿಯರ್ ಭಾಷೆಯಲ್ಲೇ ಹೇಳಬೇಕಾಯಿತು. ಬರೀ ಲೆಕ್ಕಕ್ಕೆ, ಒಂದು ಬ್ಯಾಲೆಟ್‌ನಲ್ಲಿ ಸಿಗುವ ಸಾಧ್ಯತೆ ಹತ್ತರಲ್ಲಿ ಮೂರು ಎಂದಿಟ್ಟುಕೊಳ್ಳಿ. ಎರಡು ಪಂದ್ಯಕ್ಕೆ ಹೆಸರು ಹಾಕಿದರೆ ಒಂದಾದರೂ ಸಿಗುವ ಸಾಧ್ಯತೆ ನೂರಕ್ಕೆ 51, ಮೂರಕ್ಕೆ ಹಾಕಿದರೆ ಸುಮಾರು 66. ಹಾಗೆಯೇ, 'ನಾಲ್ಕು ಸಲ ಸೋತಿದೀನಿ, ಈಗ ಸಿಗಲೇಬೇಕು' ಎನ್ನುವುದು ಲೆಕ್ಕವಲ್ಲ. ಸೋತವರಿಗೆ ಆದ್ಯತೆ ಎಂದು ನಿಯಮದಲ್ಲಿ ಬರೆದಿಲ್ಲದಿದ್ದರೆ ಐದನೇ ಚೀಟಿಗೆ ಹಿಂದಿನ ನಾಲ್ಕರ ನೆನಪಿರುವುದಿಲ್ಲ. ಇದನ್ನು ಅವರು ಒಪ್ಪಿದ ರೀತಿ ನೋಡಿದರೆ ಮೊದಲೇ ಗೊತ್ತಿತ್ತು, ಬೇರೆಯವರ ಬಾಯಲ್ಲಿ ಕೇಳಬೇಕಿತ್ತು ಅಷ್ಟೆ.

ವಿಮಾನದ ಟಿಕೆಟ್ ವಾಪಸ್ ಮಾಡಲಾಗದ ಅಗ್ಗದ ದರ್ಜೆಯದು, ದುಡ್ಡು ಹೋಯಿತು ಎಂದೇ ನಂಬಿದ್ದರು. ಷರತ್ತುಗಳನ್ನು ನಮ್ಮೆದುರೇ ತೆರೆದು ಓದಿಸಿದೆವು: ಹಣ ಮರಳುವುದಿಲ್ಲ, ಆದರೆ ಶುಲ್ಕ ಕೊಟ್ಟು ದಿನಾಂಕ ಬದಲಿಸಬಹುದು. ದರದ ವ್ಯತ್ಯಾಸ ಸೇರಿ ₹14,000 ಆಯಿತು. ಪ್ರಯಾಣ ಏಪ್ರಿಲ್‌ಗೆ ಹೋಯಿತು. ವೀಸಾ ಅರ್ಜಿಯನ್ನು ಹೊರಡುವ ಮೂರು ತಿಂಗಳಿಗಿಂತ ಮೊದಲು ಹಾಕಲಾಗದು, ತೀರ್ಮಾನಕ್ಕೆ ಸಾಮಾನ್ಯವಾಗಿ ಮೂರು ವಾರ. ಅದಕ್ಕೆ ಪಂದ್ಯದ ಟಿಕೆಟ್ ಬೇಕಿಲ್ಲ. ಬ್ಯಾಂಕ್ ಸ್ಟೇಟ್‌ಮೆಂಟ್, ಕಂಪನಿಯ ರಜಾಪತ್ರ, ಊರಿಗೆ ಮರಳುವ ಕಾರಣ ತೋರಿಸುವ ದಾಖಲೆ ಸಾಕು. ಹಾಗಾಗಿ ಜನವರಿ ಮೂರನೇ ವಾರದ ಒಂದು ದಿನವನ್ನು ವೀಸಾಕ್ಕೆಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿಸಿದೆವು.

ನಾಲ್ಕನೆಯದು ಚಿಂತೆಗೆ ಹೊತ್ತು ಗೊತ್ತುಮಾಡುವುದು. ದಿನಕ್ಕೆ ಅರ್ಧ ಗಂಟೆ, ಕಾಗದ-ಪೆನ್ನು, ನಡುವೆ ಒಂದು ಗೆರೆ. ಎಡಕ್ಕೆ ನಾಳೆ ಮಾಡಬಹುದಾದದ್ದು, ಬಲಕ್ಕೆ ಯಾರಿಂದಲೂ ಮಾಡಲಾಗದ್ದು. ಬೇರೆ ಹೊತ್ತಿನಲ್ಲಿ ಚಿಂತೆ ಬಂದರೆ ಓಡಿಸುವುದು ಬೇಡ, 'ಸಂಜೆ ಬಾ' ಎನ್ನುವುದು. ಸಂಜೆ ಏಳೂವರೆ, ಊಟದ ಮೇಜು ಎಂದು ನಾವು ಗೊತ್ತುಮಾಡಿದ್ದು ತಪ್ಪಾಯಿತು. ಅದು ಮಗಳ ಊಟದ ಹೊತ್ತು. ಮೂರು ದಿನದಲ್ಲಿ ಕಾಗದದ ಮೇಲೆ ಸಾರು ಚೆಲ್ಲಿ ಕೆಲಸ ನಿಂತಿತು. ಕಿರಣ್ ತಾವೇ ಅದನ್ನು ಆರೂ ಮುಕ್ಕಾಲಕ್ಕೆ ಸರಿಸಿದರು: ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನಲ್ಲಿ ಕಾರು ನಿಲ್ಲಿಸಿ, ಒಳದೀಪ ಹಾಕಿಕೊಂಡು. ಅಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ನಾವು ಕೊಟ್ಟ ಸಲಹೆಗಿಂತ ಇದು ಚೆನ್ನಾಗಿತ್ತು.

ಫೋನ್ ರಾತ್ರಿ ಹಾಲ್‌ನಲ್ಲಿ ಚಾರ್ಜ್‌ಗೆ. ಲಂಡನ್ನಿನ ರಾತ್ರಿ ಎಂಟರ ಪಂದ್ಯ ಚಳಿಗಾಲದಲ್ಲಿ ನಮಗೆ ರಾತ್ರಿ ಒಂದೂವರೆ. ಅದನ್ನು ಪೂರ್ತಿ ಬಿಡಿ ಎಂದರೆ ನಡೆಯದ ಮಾತು, ತಿಂಗಳಿಗೆ ಎರಡು ಎಂಬಲ್ಲಿ ಒಪ್ಪಂದವಾಯಿತು. ಎಕ್ಸ್‌ಚೇಂಜ್ ನೋಡುವುದು ಪಂದ್ಯದ ಹಿಂದಿನ ಒಂದು ವಾರ ಮಾತ್ರ, ದಿನಕ್ಕೆ ಎರಡು ಸಲ, ಹದಿನೈದು ನಿಮಿಷ.

ಇಷ್ಟೆಲ್ಲ ಆದ ಮೇಲೂ ಒಂದು ಮುಳ್ಳು ಉಳಿದಿತ್ತು. 'ಅಲ್ಲಿ ಹೋಗದೆ ಇದ್ದರೆ ನಾನು ನಿಜವಾದ ಅಭಿಮಾನಿ ಅಲ್ಲ.' ಹುಬ್ಬಳ್ಳಿಯ ಅಪ್ಪ ಫೋನಿನಲ್ಲಿ "ಟಿವ್ಯಾಗ ಇಷ್ಟ್ ಚಂದ ಕಾಣತೈತಿ, ಅಷ್ಟ್ ದೂರ ಯಾಕ ಹೋಗ್ತೀಯೋ ತಮ್ಮಾ" ಎಂದಾಗ ಬಂದ ಸಿಟ್ಟೂ ಇದೇ ಮುಳ್ಳಿನದು. ವಾದ ಮಾಡಲಿಲ್ಲ. ಮಗಳನ್ನು ಕರೆದುಕೊಂಡು ಕಂಠೀರವದಲ್ಲಿ ಒಂದು ಬೆಂಗಳೂರು ಎಫ್‌ಸಿ ಪಂದ್ಯ ನೋಡಿ ಬನ್ನಿ, ಅವರ ಅಭಿಮಾನಿ ಬಳಗ ವೆಸ್ಟ್ ಬ್ಲಾಕ್ ಬ್ಲೂಸ್‌ನವರ ಹಾಡು ಕೇಳುವಷ್ಟು ಹತ್ತಿರ ಕೂರಿ ಎಂದೆವು. ಅರ್ಸೆನಲ್‌ಗೆ ಇದು ಬದಲಿ ಎಂದು ಹೇಳಲಿಲ್ಲ. ಹಾಗೆ ಹೇಳಿದ್ದರೆ ಎದ್ದು ಹೋಗುತ್ತಿದ್ದರು, ಹೋಗಬೇಕಾದದ್ದೇ. ಇಪ್ಪತ್ತು ವರ್ಷ ಪರದೆಯಲ್ಲಿ ಮಾತ್ರ ಆಟ ನೋಡಿದವರಿಗೆ ಸ್ಟೇಡಿಯಂನಿಂದ ಬೇಕಾದದ್ದು ನಿಖರವಾಗಿ ಏನು ಎಂದು ಅವರೇ ಕಂಡುಕೊಳ್ಳಲಿ ಎಂಬುದಷ್ಟೇ ಉದ್ದೇಶ. ಬಂದು ಹೇಳಿದ್ದು ಇಷ್ಟು: "ಮೇಡಂ, ರೀಪ್ಲೇ ಇಲ್ಲ. ಗೋಲು ಹೇಗಾಯ್ತು ಅಂತ ಮಗಳು ಕೇಳಿದಳು, ನನಗೂ ಗೊತ್ತಿರಲಿಲ್ಲ." ಹೇಳುವಾಗ ನಗುತ್ತಿದ್ದರು.

ಏಪ್ರಿಲ್ ಪ್ರಯಾಣಕ್ಕೆ, ಒಂದು ಸಿಗದಿದ್ದರೆ ಮುಂದಿನದು ಎಂಬಂಥ ಇಳಿಜಾರು ಪಟ್ಟಿ ಮಾಡಿಸಿದ್ದೆವು: ಬ್ಯಾಲೆಟ್, ಎಕ್ಸ್‌ಚೇಂಜ್, ಅರ್ಸೆನಲ್ ಮಹಿಳಾ ತಂಡದ ಪಂದ್ಯ, ಕೊನೆಗೆ ಲೇಟನ್ ಓರಿಯಂಟ್‌ನಂಥ, ಕೆಳಗಿನ ಲೀಗಿನ ಲಂಡನ್ ಕ್ಲಬ್ಬಿನ ಪಂದ್ಯ. ಹಾಸ್ಪಿಟಾಲಿಟಿಗೆ ಗಂಡ-ಹೆಂಡತಿ ಕೂತು ಒಂದು ಮೊತ್ತ ಗೊತ್ತುಮಾಡಿದರು, ಅದಕ್ಕಿಂತ ಹೆಚ್ಚಾದರೆ ಆ ದಾರಿ ಇಲ್ಲ. ಸಣ್ಣ ಸಂಗತಿಗಳೂ ಪಟ್ಟಿಯಲ್ಲಿದ್ದವು. ಪಾಸನ್ನು ಹೋಟೆಲಿನ ವೈಫೈನಲ್ಲೇ ವಾಲೆಟ್‌ಗೆ ಇಳಿಸಿಕೊಳ್ಳುವುದು, ಪವರ್‌ಬ್ಯಾಂಕ್ ಒಯ್ಯುವುದು, ಎ4 ಹಾಳೆಗಿಂತ ದೊಡ್ಡ ಚೀಲ ಬೇಡ. ಹೀಥ್ರೋದಿಂದ ಪಿಕಡಿಲಿ ಲೈನ್ ಹತ್ತಿದರೆ ಬದಲಿಸದೆ ಅರ್ಸೆನಲ್ ಸ್ಟೇಷನ್ನಿಗೇ ಹೋಗಬಹುದು ಎಂಬುದನ್ನು ಅವರೇ ನಮಗೆ ಎರಡು ಸಲ ಹೇಳಿದರು.

ಮೊದಲ ಪಂದ್ಯದ ಬ್ಯಾಲೆಟ್ ಕೈಕೊಟ್ಟಿತು. ಆ ಮೇಲ್ ಬಂದ ದಿನ ಗೆರೆ ಮತ್ತೆ ಹತ್ತೊಂಬತ್ತಕ್ಕೆ ಏರಿತು, ಮರುದಿನ ಆರು. ಎರಡನೆಯದು ಸಿಕ್ಕಿತು. ದೊಡ್ಡ ಎದುರಾಳಿ ಅಲ್ಲ, ಗೋಲ್ ಹಿಂದಿನ ಮೇಲಂತಸ್ತು. ಮೊದಲ ವಾರಾಂತ್ಯ ಮಹಿಳಾ ತಂಡದ ಪಂದ್ಯ ನೋಡಿದರು.

ಇಪ್ಪತ್ತು ಸಾವಿರ ವಾಪಸ್ ಬಂದಿಲ್ಲ. ಹೆಂಡತಿ ಅದನ್ನು ಮರೆತಿಲ್ಲ. ಮರೆಯಬೇಕೆಂದು ನಾವೂ ಹೇಳಿಲ್ಲ. ಮೇ ತಿಂಗಳಲ್ಲಿ ಕಿರಣ್ ಒಂದು ರಾತ್ರಿ ಎದ್ದು ಹಾಲ್‌ಗೆ ಹೋಗಿ ಮುಂದಿನ ವರ್ಷದ ಮೆಂಬರ್‌ಶಿಪ್ ನವೀಕರಣ ತೆರೆದಿದೆಯೇ ಎಂದು ನೋಡಿದ್ದಾಗಿ ತಾವಾಗಿಯೇ ಹೇಳಿದರು. ಮುಂದಿನ ಭೇಟಿ ಜೂನ್ ಕೊನೆಯ ವಾರಕ್ಕೆ ಇಟ್ಟಿದ್ದೇವೆ. ಅಷ್ಟರಲ್ಲಿ ಹೊಸ ವೇಳಾಪಟ್ಟಿ ಬಂದಿರುತ್ತದೆ.