ಶಿರಿಯ ಹೊಳೆಬದಿಯಲ್ಲಿರುವ 40 ಅಡಿಯ ಹಳೆಯ ಮರದ ದೋಣಿಯನ್ನು ಲಾರಿಯಲ್ಲಿ ಮಂಜೇಶ್ವರಕ್ಕೆ ಸಾಗಿಸಬಹುದೇ?

ಖಂಡಿತ ಸಾಗಿಸಬಹುದು. ಆದರೆ ಕ್ರೇನಿನವರಿಗೆ ಫೋನ್ ಮಾಡುವ ಮೊದಲು ಅಡಿಮರ, ಅಂದರೆ ದೋಣಿಯ ತಳದ ಉದ್ದಕ್ಕೂ ಇರುವ ಮುಖ್ಯ ಮರ, ನೋಡಿ. ನೀರಿನಲ್ಲಿದ್ದಾಗ ದೋಣಿಯ ಭಾರವನ್ನು ಸುತ್ತಲಿನ ನೀರೇ ಹೊರುತ್ತದೆ. ನೆಲಕ್ಕೆ ಬಂದರೆ ಅಷ್ಟೂ ಭಾರ ಅಡಿಮರದ ಮೇಲೆ. ಅದು ಕೊಳೆತು ಕುಂಬಾಗಿದ್ದರೆ ನಡು ಬಾಗಿ ಹಲಗೆಗಳು ಬಿಟ್ಟುಕೊಳ್ಳುತ್ತವೆ. ಚಾಕುವಿನ ತುದಿಯಿಂದ ಅಲ್ಲಲ್ಲಿ ಚುಚ್ಚಿ. ಸಲೀಸಾಗಿ ಒಳಗಿಳಿದ ಕಡೆ ಮೊದಲು ದುರಸ್ತಿಯಾಗಬೇಕು.

ಎತ್ತಲು ಸರಪಳಿ, ತಂತಿಹಗ್ಗ ಬೇಡವೇ ಬೇಡ. ಅಗಲದ ಬೆಲ್ಟ್ ಎರಡು ಕಡೆ ಹಾಕಿ, ಬೆಲ್ಟ್ ಬರುವಲ್ಲಿ ದೋಣಿಯ ಎರಡು ಅಂಚುಗಳ ನಡುವೆ ಗಟ್ಟಿ ಅಡ್ಡಮರ ಕೊಡಿ. ಇಲ್ಲದಿದ್ದರೆ ಬೆಲ್ಟ್ ಬಿಗಿಯುವಾಗ ಎರಡೂ ಬದಿ ಒಳಕ್ಕೆ ಒತ್ತಿ ಹಲಗೆ ಸೀಳುತ್ತದೆ. ಸಾಮಾನ್ಯ ಲಾರಿಗಿಂತ ತಗ್ಗಿನ ಟ್ರೇಲರ್ ಒಳ್ಳೆಯದು. ಅಡಿಮರದ ಉದ್ದಕ್ಕೂ ದಿಮ್ಮಿಗಳನ್ನಿಟ್ಟು ಭಾರವನ್ನು ಅವುಗಳ ಮೇಲೆಯೇ ಕೂರಿಸಿ. ಬದಿಯ ಆನಿಕೆಗಳು ದೋಣಿ ವಾಲದಂತೆ ಹಿಡಿದರೆ ಸಾಕು. ಆನಿಕೆ ತಾಗುವಲ್ಲಿ ತೆಂಗಿನ ನಾರು ತುಂಬಿದ ಗೋಣಿ ಇಡಿ.

ಅಗಲ 2.6 ಮೀಟರ್ ದಾಟಿದರೆ ವಿಶೇಷ ಅನುಮತಿ ಬೇಕು, ಆರ್‌ಟಿಒ ಕಚೇರಿಯಲ್ಲಿ ಮೊದಲೇ ವಿಚಾರಿಸಿ. ಹೆದ್ದಾರಿಗಿಂತ ಒಳದಾರಿಯೇ ತಲೆನೋವು: ಕರೆಂಟಿನ ತಂತಿ, ರೈಲು ಹಳಿಯಡಿಯ ದಾರಿ, ತಿರುವಿನ ಕಾಂಪೌಂಡ್ ಗೋಡೆ. ಟೇಪು ಹಿಡಿದು ನಡೆದು ಅಳೆಯಿರಿ.

ಬಿಸಿಲು ಹಳೆಯ ಮರಕ್ಕೆ ದೊಡ್ಡ ಶತ್ರು. ಮರ ಒಣಗಿ ಕುಗ್ಗಿದರೆ ಸಂದುಗಳು ಬಾಯಿಬಿಡುತ್ತವೆ. ದಾರಿಯುದ್ದಕ್ಕೂ ಒದ್ದೆ ಗೋಣಿ ಹೊದಿಸಿ. ಬಿಗಿಯಾಗಲೆಂದು ಟ್ರೇಲರ್ ಮೇಲೆಯೇ ನೀರು ತುಂಬಿಸುವವರಿದ್ದಾರೆ, ಆ ಭಾರವನ್ನು ಅಡಿಮರ ತಾಳದು. ಮಂಜೇಶ್ವರದಲ್ಲಿ ಇಳಿಸಿದ ಮೇಲೆ ಆಳವಿಲ್ಲದ ನೀರಿನಲ್ಲಿ ಕಟ್ಟಿಹಾಕಿ. ಮೊದಲು ನೀರು ಒಸರುವುದು ಸಹಜ. ಮರ ಉಬ್ಬಿ ಸಂದು ಮುಚ್ಚುವವರೆಗೆ ನೀರು ಮೊಗೆಯಲು ಒಬ್ಬರನ್ನು ಅಲ್ಲೇ ನಿಲ್ಲಿಸಿ.